ಇಸ್ಪೀಟಿನ ಎಲೆಯನ್ನು ನ್ಯಾಯದ ತಕ್ಕಡಿಯಲ್ಲಿ ತೂಗಿದ ಹಿದಾಯತುಲ್ಲಾ

ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ, ಹಂಗಾಮಿ ರಾಷ್ಟ್ರಪತಿ, ಉಪರಾಷ್ಟ್ರಪತಿ ಈ ಮೂರು ಹೊಣೆಗಳನ್ನೂ ಹೊತ್ತ ಮಹನೀಯರು ನ್ಯಾಯಮೂರ್ತಿ ಮಹಮ್ಮದ್ ಹಿದಾಯತುಲ್ಲಾ. ಅವರ ಹಿರಿಯ ತೀರ್ಪುಗಳನ್ನು ವಕೀಲರು ಬಲ್ಲರು. ನಮ್ಮ ಅವಳಿ ನಗರದ ಇಸ್ಪೀಟಿನ ಮೇಜಿನಿಂದ ಹುಟ್ಟಿದ ಒಂದು ಕಿರಿಯ ತೀರ್ಪನ್ನಾದರೋ ನಾವೆಲ್ಲರೂ ಅರಿತಿರಬೇಕು.

ಶ್ರೀಯುತರು ಜನಿಸಿದುದು ೧೯೦೫ರ ಡಿಸೆಂಬರ್ ೧೭ರಂದು. ತಂದೆ ವಿಲಾಯತುಲ್ಲಾ ಅವರು ಉರ್ದು ಕವಿಗಳು. ರಾಯಪುರ, ನಾಗಪುರಗಳಲ್ಲಿ ಓದಿ, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, ಬ್ಯಾರಿಸ್ಟರರಾಗಿ ೧೯೩೦ರಲ್ಲಿ ನಾಗಪುರದಲ್ಲಿ ವಕೀಲಿ ಆರಂಭಿಸಿದರು. ೧೯೪೩ರಲ್ಲಿ ಅಡ್ವೊಕೇಟ್ ಜನರಲ್, ೧೯೪೬ರಲ್ಲಿ ಹೈಕೋರ್ಟಿನ ನ್ಯಾಯಾಧೀಶ, ೧೯೫೪ರಲ್ಲಿ ಅಲ್ಲಿಯೇ ಮುಖ್ಯ ನ್ಯಾಯಾಧೀಶರಾದ ಅವರು ೧೯೫೮ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು.

೧೯೬೩ರ ಮೇ ತಿಂಗಳಲ್ಲಿ ಪೊಲೀಸರು ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿಗೆ ನುಗ್ಗಿ, ಪಣವಿಟ್ಟು ರಮ್ಮಿ ಆಡುತ್ತಿದ್ದವರನ್ನು ಹಿಡಿದರು. ನಿಜಾಮರ ಕಾಲದ ಜೂಜು ಕಾಯಿದೆಯ ಮೇರೆಗೆ ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದರು. ಹೈಕೋರ್ಟು ಅದನ್ನು ರದ್ದುಗೊಳಿಸಿತು. ಆಂಧ್ರಪ್ರದೇಶ ಸರಕಾರವು ದೆಹಲಿಯವರೆಗೆ ಹೋಯಿತು. ೧೯೬೭ರ ನವೆಂಬರ್ ೨೨ರಂದು ಹಿದಾಯತುಲ್ಲಾ ಅವರು ತೀರ್ಪು ಬರೆದರು.

ಮೂರೆಲೆಯ ಆಟ ಬೇರೆ, ರಮ್ಮಿ ಬೇರೆ ಎಂಬುದು ಅದರ ತಿರುಳು. ೫೨ ಎಲೆಗಳಿಂದ ಮೂರೆಲೆಗಳ ಕೈ ೨೨,೧೦೦ ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಮೂರೂ ಒಂದೇ ಅಂಕೆಯವು ೫೨ ಮಾತ್ರ. ಬಿದ್ದ ಎಲೆಯನ್ನು ಬದಲಿಸಲು ಆಟಗಾರನಿಗೆ ಮಾರ್ಗವಿಲ್ಲ. ರಮ್ಮಿಯಲ್ಲಾದರೆ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ಅಳೆಯಬೇಕು. ಆದುದರಿಂದ ಅದು ಮುಖ್ಯವಾಗಿ ಕೌಶಲದ ಆಟವೆಂದು ಅವರು ನಿರ್ಣಯಿಸಿದರು. ಆದರೆ ಕ್ಲಬ್ಬಿನ ಯಜಮಾನನು ಪಣದ ಆಟದಿಂದ ಲಾಭ ಪಡೆಯುತ್ತಿರುವನೆಂಬುದಕ್ಕೆ ಸಾಕ್ಷ್ಯವಿದ್ದರೆ ಅಪರಾಧ ಸಿದ್ಧವಾಗಬಹುದೆಂದೂ ಎಚ್ಚರಿಸಿದರು. ಕ್ಲಬ್ಬು ಪಡೆಯುತ್ತಿದ್ದ ಅಲ್ಪ ಶುಲ್ಕವು ಅಂತಹ ಲಾಭವೆಂದು ಅವರಿಗೆ ತೋರಲಿಲ್ಲ.

ಕೌಶಲವೆಂದೊಡನೆ ಆಟವು ನಿರಪಾಯಕಾರಿಯಾಗುವುದಿಲ್ಲ. ಪೋಕರ್ ಆಟದ ಒಂದು ಪ್ರಚಲಿತ ಬಗೆಯಲ್ಲಿ ಮೊದಲು ಕೈಗೆ ಬರುವ ಜೋಡಿ ಎಲೆಗಳು ೧,೩೨೬ ಬಗೆ. ಅವುಗಳಲ್ಲಿ ಎಕ್ಕದ ಜೋಡಿ ಆರು ಮಾತ್ರ. ನುರಿತವನು ಕೆಟ್ಟ ಕೈಯನ್ನು ಬಿಟ್ಟು ಕಾಯುತ್ತಾನೆ; ಹೊಸಬನು ಎಲ್ಲ ಕೈಯನ್ನೂ ಆಡುತ್ತಾನೆ. ಬರಿಯ ಅದೃಷ್ಟದ ಆಟದಲ್ಲಿ ದಡ್ಡನಿಗೂ ಜಾಣನಿಗೂ ಒಂದೇ ಭಾಗ್ಯ. ಕೌಶಲದ ಆಟದಲ್ಲಿ ದಿನ ಕಳೆದಂತೆ ದುರ್ಬಲನ ಜೇಬೇ ಬರಿದಾಗುತ್ತದೆ. ನುರಿತವನು ಹುಡುಕುವುದು ಒಳ್ಳೆಯ ಎಲೆಯನ್ನಲ್ಲ, ಆಟ ಬಾರದ ಎದುರಾಳಿಯನ್ನು. ನಾವು ಹೋಟೆಲು ನಡೆಸುತ್ತಿದ್ದಾಗ, ಸಂಬಳದ ರಾತ್ರಿ ಎಲೆ ಹಾಕಿ, ಊರಿಗೆ ಕಳುಹಿಸಬೇಕಾದ ಹಣವನ್ನು ಕಳೆದುಕೊಂಡು, ಬೆಳಿಗ್ಗೆ ಗಲ್ಲದ ಮುಂದೆ ಮುಂಗಡಕ್ಕಾಗಿ ನಿಂತ ಮಾಣಿಗಳನ್ನು ಕಂಡಿದ್ದೇವೆ. ಸೋಲುವವರು ಬದಲಾಗುತ್ತಿದ್ದರು, ಗೆಲ್ಲುವವನು ತಿಂಗಳು ತಿಂಗಳೂ ಒಬ್ಬನೇ.

ಆ ತೀರ್ಪಿನ ಮರುವರ್ಷ, ೧೯೬೮ರ ಫೆಬ್ರವರಿಯಲ್ಲಿ, ಹಿದಾಯತುಲ್ಲಾ ಅವರು ದೇಶದ ಮುಖ್ಯ ನ್ಯಾಯಾಧೀಶರಾದರು. ೧೯೬೯ರಲ್ಲಿ, ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರು ರಾಷ್ಟ್ರಪತಿ ಚುನಾವಣೆಗೆ ನಿಲ್ಲಲು ರಾಜೀನಾಮೆ ನೀಡಿದಾಗ, ಜುಲೈ ೨೦ರಿಂದ ಆಗಸ್ಟ್ ೨೪ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ೧೯೭೯ರಿಂದ ೧೯೮೪ರವರೆಗೆ ಉಪರಾಷ್ಟ್ರಪತಿಯಾಗಿದ್ದು, ೧೯೯೨ರ ಸೆಪ್ಟೆಂಬರ್ ೧೮ರಂದು ಮುಂಬಯಿಯಲ್ಲಿ ನಿಧನರಾದರು. ರಾಯಪುರದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು ಅವರ ಹೆಸರನ್ನು ಹೊತ್ತಿದೆ.

ಕಾಲ ಬದಲಾಗಿದೆ. ತೆಲಂಗಾಣ ಸರಕಾರವು ೨೦೧೭ರಲ್ಲಿ ಜೂಜು ಕಾಯಿದೆಯನ್ನು ತಿದ್ದಿ, ಹಣದ ಪಣಕ್ಕೆ ಕೌಶಲದ ನೆಪವು ರಕ್ಷಣೆಯಾಗದಂತೆ ಮಾಡಿತು. ೨೦೨೫ರ ಕೇಂದ್ರ ಕಾಯಿದೆಯು ಅಂತರ್ಜಾಲದಲ್ಲಿ ಹಣವಿಟ್ಟು ಆಡಿಸುವ ಆಟಗಳನ್ನು, ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸಿತು. ಆದರೂ ಆಡುವವನನ್ನೂ ಆಡಿಸಿ ಗಳಿಸುವವನನ್ನೂ ಬೇರೆ ಬೇರೆಯಾಗಿ ತೂಗಿದ ಆ ತಕ್ಕಡಿ ಹಳೆಯದಾಗಿಲ್ಲ. ಇಲ್ಲಿ ಹೋಟೆಲು ನಡೆಸುವ ನಮ್ಮ ಬಂಧುಗಳಲ್ಲಿ ಒಂದೇ ವಿಜ್ಞಾಪನೆ. ಮಹಡಿಯ ಕೋಣೆಯನ್ನು ಎಲೆಯಾಟಕ್ಕೆಂದು ಯಾರಾದರೂ ದುಪ್ಪಟ್ಟು ಬಾಡಿಗೆಗೆ ಕೇಳಿದರೆ, ಆ ಹೆಚ್ಚಿನ ಹಣ ಯಾವ ಮಾಣಿಯ ಮನೆಯಿಂದ ಬರುವುದೆಂದು ಮೊದಲು ಲೆಕ್ಕ ಹಾಕಿರಿ.