ಹೆಸರುಗಳಲ್ಲಿ ಉಳಿದ ಮನೆ

ಮೇರಿ ಜೆಮಿಸನ್ ತನ್ನ ಬಾಳಿನ ಕಥೆಯನ್ನು ಹೇಳಿದ್ದು 1823ರ ನವೆಂಬರಿನಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ. ಬರೆದುಕೊಂಡವನು ಜೇಮ್ಸ್ ಸೀವರ್ ಎಂಬ ವೈದ್ಯ. ಮರುವರ್ಷವೇ ಅದು ಪುಸ್ತಕವಾಗಿ ಅಮೆರಿಕದಲ್ಲೆಲ್ಲ ಹರಡಿತು. ಅದನ್ನೋದುವಾಗ ನನಗೆ ಸಂದೇಹವೊಂದು ತಪ್ಪದೆ ಬರುತ್ತದೆ: ಆ ವೃದ್ಧೆ ನುಡಿದುದೆಷ್ಟು, ಆಲಂಕಾರಿಕ ಗದ್ಯದ ಮೋಹವಿದ್ದ ವೈದ್ಯ ಬೆರೆಸಿದುದೆಷ್ಟು? ಆದರೆ ಒಂದು ಸಂಗತಿಗೆ ಯಾರ ಅಲಂಕಾರವೂ ಬೇಕಾಗಿಲ್ಲ. ಅದು ಆಕೆ ತನ್ನ ಮಕ್ಕಳಿಗಿಟ್ಟ ಹೆಸರುಗಳು.

ಆಕೆಯ ತಂದೆ ಥಾಮಸ್, ತಾಯಿ ಜೇನ್. ಐರ್ಲೆಂಡನ್ನು ತೊರೆದು ಬರುತ್ತಿದ್ದ ಆ ದಂಪತಿಗಳಿಗೆ 1743ರ ಸುಮಾರಿನಲ್ಲಿ ಹಡಗಿನಲ್ಲಿಯೇ ಮೇರಿ ಹುಟ್ಟಿದಳು. ಪೆನ್ಸಿಲ್ವೇನಿಯದ ಗಡಿನಾಡಿನಲ್ಲಿ ಕಾಡು ಕಡಿದು ಬೇಸಾಯ ಹೂಡಿದ ಸಂಸಾರ ಅದು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆದಿದ್ದ 1758ರ ವಸಂತದಲ್ಲಿ, ಶಾನೀ ಯೋಧರೂ ಫ್ರೆಂಚರೂ ಸೇರಿದ್ದ ತಂಡವೊಂದು ಮನೆಯ ಮೇಲೆ ಬಿದ್ದಿತು. ಅಣ್ಣಂದಿರಾದ ಜಾನ್ ಮತ್ತು ಥಾಮಸ್ ಕೊಟ್ಟಿಗೆಯಲ್ಲಿದ್ದುದರಿಂದ ತಪ್ಪಿಸಿಕೊಂಡರು, ಉಳಿದವರೆಲ್ಲ ಸೆರೆಯಾದರು. ದಾರಿಯಲ್ಲಿ ಒಂದು ಸಂಜೆ ಮೇರಿಯ ಬೂಟುಗಳನ್ನು ಕಳಚಿ, ಆ ಜನರ ಮೆತ್ತನೆಯ ತೊಗಲು ಪಾದರಕ್ಷೆಗಳನ್ನು ತೊಡಿಸಿದರು. ತಾಯಿಗೆ ಅರ್ಥವಾಯಿತು: ಇವಳೊಬ್ಬಳು ಉಳಿಯುತ್ತಾಳೆ. ನಿನ್ನ ಹೆಸರನ್ನೂ ಮಾತನ್ನೂ ಪ್ರಾರ್ಥನೆಯನ್ನೂ ಮರೆಯಬೇಡವೆಂದು ಆಕೆ ಮಗಳಿಗೆ ಬುದ್ಧಿ ಹೇಳಿದಳು. ಮರುದಿನ ಬೆಂಕಿಯ ಬಳಿ ಒಣಗುತ್ತಿದ್ದ ನೆತ್ತಿಯ ಚರ್ಮಗಳಲ್ಲಿ ತಾಯಿಯ ಕೆಂಗೂದಲನ್ನು ಹುಡುಗಿ ಗುರುತಿಸಿದಳು.

ಯುದ್ಧದಲ್ಲಿ ಸೋದರನನ್ನು ಕಳೆದುಕೊಂಡಿದ್ದ ಇಬ್ಬರು ಸೆನೆಕಾ ಅಕ್ಕತಂಗಿಯರು ಆತನ ಸ್ಥಾನಕ್ಕೆ ಮೇರಿಯನ್ನು ತಂದುಕೊಂಡು, ದೆಹ್‌ಗೆವಾನಸ್ ಎಂದು ಹೆಸರಿಟ್ಟು, ತಂಗಿಯಂತೆಯೇ ಸಾಕಿದರು. ಮನೆಮಂದಿಯ ಕೊಲೆಯನ್ನೂ ಈ ಮಮತೆಯನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಪ್ರಾಮಾಣಿಕತೆ ಆ ಮುದುಕಿಗಿತ್ತು. ಅದಕ್ಕಾಗಿಯೇ ನಾನು ಆಕೆಯನ್ನು ನಂಬುತ್ತೇನೆ.

ಡೆಲವೇರ್ ಜನದ ಶೆನಿಂಜಿಯನ್ನು ಆಕೆ ಮನಸ್ಸಿಲ್ಲದೆ ಮದುವೆಯಾಗಿ, ಬಳಿಕ ಮನಸಾರೆ ಪ್ರೀತಿಸಿದಳು. ಮೊದಲ ಹೆಣ್ಣುಕೂಸು ಎರಡೇ ದಿನ ಬದುಕಿತು. ಆಮೇಲೆ ಹುಟ್ಟಿದ ಗಂಡಿಗೆ ತಂದೆಯ ಹೆಸರು, ಥಾಮಸ್. ಆ ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಓಹಾಯೋ ಸೀಮೆಯಿಂದ ಜೆನೆಸೀ ನದಿಯವರೆಗೆ ನೂರಾರು ಮೈಲಿ ನಡೆದಳು. ಹಿಂದಿನಿಂದ ಬರಬೇಕಾಗಿದ್ದ ಗಂಡ ಬರಲಿಲ್ಲ. ಕಾಯಿಲೆಯಿಂದ ತೀರಿಕೊಂಡನೆಂಬ ಸುದ್ದಿ ಬಂದಿತು. ಎರಡನೆಯ ಗಂಡ ಹಿಯೊಕಟೂ ಹೆಸರಾಂತ ಸೆನೆಕಾ ಯೋಧ. ಅವನಿಂದ ಆರು ಮಕ್ಕಳು: ಜೇನ್, ನ್ಯಾನ್ಸಿ, ಬೆಟ್ಸಿ, ಪಾಲಿ, ಜಾನ್, ಜೆಸ್ಸಿ. ಜೇನ್ ತಾಯಿ, ಬೆಟ್ಸಿ ಅಕ್ಕ, ಜಾನ್ ಅಣ್ಣ. ಕಾಡಿನ ನಡುವೆ ಸುಟ್ಟುಹೋದ ಬಾಳನ್ನು ಆಕೆ ಒಂದೊಂದೇ ತೊಟ್ಟಿಲಿನಲ್ಲಿ ಮತ್ತೆ ಮಲಗಿಸಿದಳು. ಸೆನೆಕಾ ಜನರಲ್ಲಿ ಕುಲವೂ ತಾಯಿಯ ಕಡೆಯಿಂದಲೇ. ಜೆಮಿಸನ್ ಎಂಬ ಮನೆತನದ ಹೆಸರು ಅವರಲ್ಲಿ ಇಂದಿಗೂ ಉಂಟು.

1779ರಲ್ಲಿ ಜನರಲ್ ಸಲ್ಲಿವನ್ನನ ಸೇನೆ ಸೆನೆಕಾ ಊರುಗಳನ್ನೂ ಜೋಳದ ಹೊಲಗಳನ್ನೂ ಸುಟ್ಟಿತು. ಮಕ್ಕಳನ್ನು ಕಟ್ಟಿಕೊಂಡು ಗಾರ್ಡೋ ಬಯಲಿಗೆ ಹೋದ ಮೇರಿ, ಅಲ್ಲಿದ್ದ ಇಬ್ಬರು ಕರಿಯರ ಹೊಲದಲ್ಲಿ ಜೋಳ ಸುಲಿದು ಚಳಿಗಾಲ ಕಳೆದಳು. ಯುದ್ಧ ಮುಗಿದ ಮೇಲೆ, ಬೇಕಾದರೆ ನಿನ್ನವರಲ್ಲಿಗೆ ಹೋಗಬಹುದೆಂದು ಆಕೆಗೆ ಅನುಮತಿ ದೊರೆಯಿತು. ಆದರೆ ಯೋಧನಾಗಬಲ್ಲ ಥಾಮಸನನ್ನು ಕಳಿಸಲು ಮುಖಂಡರು ಒಪ್ಪಲಿಲ್ಲ. ಬಿಳಿಯ ಬಂಧುಗಳು ತನ್ನ ಮಕ್ಕಳನ್ನು ತಮ್ಮವರೆಂದಾರೆಂಬ ಭರವಸೆ ಆಕೆಗೂ ಇರಲಿಲ್ಲ. ಉಳಿದುಬಿಟ್ಟಳು. 1797ರ ಬಿಗ್ ಟ್ರೀ ಒಪ್ಪಂದದಲ್ಲಿ ಗಾರ್ಡೋದ ಸುಮಾರು 18,000 ಎಕರೆ ಆಕೆಯ ಪಾಲಿಗೆ ಬಂದಿತು.

ಭೂಮಿ ಬಂದಿತು, ಬಿಳಿಯರ ಸಾರಾಯಿಯೂ ಬಂದಿತು. ಜಾನನಿಗೆ ಇಬ್ಬರು ಹೆಂಡಿರಿದ್ದುದನ್ನು ಥಾಮಸ್ ಸಹಿಸುತ್ತಿರಲಿಲ್ಲ. ಅವನನ್ನು ಮಾಟಗಾರನೆಂದು ಜರೆಯುತ್ತಿದ್ದ. 1811ರ ಬೇಸಿಗೆಯಲ್ಲಿ, ತಾಯಿ ಮನೆಯಲ್ಲಿಲ್ಲದಾಗ ಕುಡಿದು ಬಂದ ಥಾಮಸನನ್ನು ಜಾನ್ ಹೊರಗೆಳೆದು ಕೊಡಲಿಯಿಂದ ಕೊಂದ. ತಂದೆಯ ಹೆಸರಿನವನನ್ನು ಅಣ್ಣನ ಹೆಸರಿನವನು ಕೊಂದನು. ಮುಖಂಡರ ಸಭೆ ವಿಚಾರಿಸಿ, ಮೊದಲ ತಪ್ಪು ಥಾಮಸನದೆಂದು ಜಾನನನ್ನು ಬಿಟ್ಟಿತು. ತಾಯಿ ಯಾರ ಪರವಾಗಿ ಅಳಬೇಕು? ಅದೇ ವರ್ಷ ಹಿಯೊಕಟೂ ತೀರಿಕೊಂಡ. ಮರುವರ್ಷ, ಕುಡಿತದ ಜಗಳದಲ್ಲಿಯೇ, ಜಾನ್ ಕಿರಿಯ ಜೆಸ್ಸಿಯನ್ನೂ ಇರಿದು ಕೊಂದ. 1817ರಲ್ಲಿ ಜಾನನನ್ನು ಕುಡುಕರಿಬ್ಬರು ಕೊಂದರು. ಜೇನ್ ಹಿಂದೆಯೇ ಸತ್ತಿದ್ದಳು. ಸೀವರನೆದುರು ಕುಳಿತಾಗ ಆಕೆಗೆ ಉಳಿದಿದ್ದವರು ಮೂವರು ಹೆಣ್ಣುಮಕ್ಕಳು.

1831ರಲ್ಲಿ ಗಾರ್ಡೋವನ್ನು ಬಿಟ್ಟು ಸೆನೆಕಾ ಜನರೊಡನೆ ಬಫಲೋ ಕ್ರೀಕಿಗೆ ಹೋದ ಮೇರಿ 1833ರಲ್ಲಿ ಅಲ್ಲಿಯೇ ಮಡಿದಳು. 1874ರಲ್ಲಿ ಆಕೆಯ ಅಸ್ಥಿಗಳನ್ನು ಜೆನೆಸೀ ತೀರಕ್ಕೆ ತಂದು ಮಣ್ಣುಮಾಡಿದರು. ಸಮಾಧಿಯ ಮೇಲೆ 1910ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿ ಆಕೆ ಇನ್ನೂ ನಡೆಯುತ್ತಿರುವ ತರುಣಿ. ಬೆನ್ನ ಮೇಲಿರುವ ಕೂಸು ಥಾಮಸ್.