ಸೋಲುಗಳ ನಡುವಿನ ರಾಣಿ ಶಾಂತಲೆ

ಯೂರೋಪಿನ ದೇಶಗಳು 1956ರಿಂದ ಯೂರೋವಿಷನ್ ಅಂತ ಒಂದು ಹಾಡಿನ ಸ್ಪರ್ಧೆ ನಡೆಸ್ತಾ ಬಂದಿವೆ. ಅದರಲ್ಲಿ ನಾರ್ವೆಯ ಕಥೆ ಕೇಳಿದರೆ ನಮಗೆ ನಮ್ಮ ಇಂಟರ್ನಲ್ಸ್ ಮಾರ್ಕ್ಸೇ ನೆನಪಾಗುತ್ತೆ: 1963ರಲ್ಲಿ ಸೊನ್ನೆ, 1978ರಲ್ಲಿ ಸೊನ್ನೆ, 1981ರಲ್ಲಿ ಮತ್ತೆ ಸೊನ್ನೆ. ಕೊನೆಗೆ 1985ರಲ್ಲಿ ಗೆದ್ದಿತು. ಪೋರ್ಚುಗಲ್ 1964ರಲ್ಲಿ ಮೊದಲು ಹಾಡಿ, ಗೆಲುವು ಕಂಡಿದ್ದು 2017ರಲ್ಲಿ, ಅದೂ ತನ್ನ ಭಾಷೆಯಲ್ಲೇ ಹಾಡಿ. ಐವತ್ಮೂರು ವರ್ಷ! ಅಷ್ಟು ಕಾಲ ಸೋಲುತ್ತಾ ಇದ್ದ ನಾಡು ಯಾವ ನಂಬಿಕೆ ಮೇಲೆ ಹಾಡುತ್ತಾ ಇರುತ್ತೆ?

ಈ ಪ್ರಶ್ನೆಗೆ ನಾವು ಉತ್ತರ ಹುಡುಕಿದ್ದು ಹಾಸನ ಜಿಲ್ಲೆಯಲ್ಲಿ. ಬಹಳ ಕಾಲ ಗೆಲುವಿನ ಹತ್ತಿರ ಹೋಗಿ ಹೋಗಿ ವಾಪಸ್ ಬಂದ ನಾಡು ನಮ್ಮಲ್ಲೂ ಒಂದಿತ್ತು. ಅದು ಹೊಯ್ಸಳ ನಾಡು. ಆ ನಾಡಿನ ಹಾಡು, ಕುಣಿತಗಳಿಗೆ ಮುಖವಾದವಳು ಪಟ್ಟದರಸಿ ಶಾಂತಲೆ.

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು. ಮಗಳು ತಾಯಿಯ ಧರ್ಮ ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರು. ಕೈಹಿಡಿದಿದ್ದು ಬಿಟ್ಟಿದೇವನನ್ನು, ಅಂದರೆ ವಿಷ್ಣುವರ್ಧನನನ್ನು. ಆತ ವಿಷ್ಣುವಿನ ಭಕ್ತನಾದ. ಒಂದೇ ಮನೆಯಲ್ಲಿ ಮೂರು ದಾರಿ. ಆದರೂ ಬೇಲೂರಿನ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ್ದು ಈ ಜೈನ ರಾಣಿಯೇ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಶಾಂತಿನಾಥನಿಗೆ ಬಸದಿ ಕಟ್ಟಿಸಿದ್ದೂ ಆಕೆಯೇ.

ಆ ಬಸದಿಯ ಹೆಸರೇ ತಮಾಷೆಯಾಗಿದೆ: ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದ್ದಾನೆ ಅಂತ ಅರ್ಥ. ಅದು ಶಾಂತಲೆಯ ಬಿರುದು. ಅರಮನೆಯಲ್ಲಿ ಬೇರೆ ರಾಣಿಯರೂ ಇದ್ದರು. ಅಲ್ಲೂ ಪೈಪೋಟಿ ಇತ್ತು ಅನ್ನೋದನ್ನ ಈ ಹೆಸರೇ ಹೇಳುತ್ತೆ. ಶಾಸನಗಳು ಆಕೆಯನ್ನು ಬುದ್ಧಿಯಲ್ಲಿ ಬೃಹಸ್ಪತಿಗೆ ಹೋಲಿಸುತ್ತವೆ. ಸಂಗೀತದಲ್ಲಿ ಸರಸ್ವತಿ ಅನ್ನುತ್ತವೆ, ನರ್ತಕಿಯರಲ್ಲಿ ತಲೆಯ ಮೇಲಿನ ರತ್ನ ಅನ್ನುತ್ತವೆ. ರಾಣಿಯರ ರೂಪ ಹೊಗಳೋದು, ದಾನ ಹೊಗಳೋದು ಆ ಕಾಲದ ವಾಡಿಕೆ. ಇಲ್ಲಿ ಹೊಗಳಿರೋದು ಕಲಿತು ಸಾಧಿಸಿದ ವಿದ್ಯೆಯನ್ನು.

ಈಗ ನಾಡಿನ ಸೋಲಿನ ಕಥೆಗೆ ಬರೋಣ. ಹೊಯ್ಸಳರು ಆಗ ಸ್ವತಂತ್ರರಲ್ಲ, ಕಲ್ಯಾಣದ ಚಾಲುಕ್ಯರ ಸಾಮಂತರು. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡು ಕಿತ್ತುಕೊಂಡ. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಆಯಿತು. ಅದೇ ಇವತ್ತಿನ ಚೆನ್ನಕೇಶವ ದೇವಾಲಯ. ಇನ್ನೇನು, ಸ್ವಾತಂತ್ರ್ಯ ಬಂತು ಅನ್ನುವಷ್ಟರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಸೇನೆ ಬಂತು. ದಂಡನಾಯಕ ಗಂಗರಾಜ ಕಣ್ಣೆಗಾಲದಲ್ಲಿ ರಾತ್ರಿ ದಾಳಿ ಮಾಡಿ ಅದನ್ನು ಓಡಿಸಿದ. ಆದರೂ ಕೊನೆಗೆ ವಿಷ್ಣುವರ್ಧನ ತಲೆಬಾಗಲೇಬೇಕಾಯಿತು. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ ಮೇಲೆ ಮತ್ತೆ ಎದ್ದ, ಹಾನಗಲ್ಲು, ಬಂಕಾಪುರದವರೆಗೂ ಹೋದ. ಅಷ್ಟಾದರೂ ಚಕ್ರವರ್ತಿ ಅನ್ನಿಸಿಕೊಳ್ಳದೇ ತೀರಿಕೊಂಡ. ಆ ಪಟ್ಟ ಸಿಕ್ಕಿದ್ದು ಮೊಮ್ಮಗ ಇಮ್ಮಡಿ ಬಲ್ಲಾಳನಿಗೆ, 1192ರ ಸುಮಾರಿಗೆ. ಬೇಲೂರಿನ ಪ್ರತಿಷ್ಠೆ ಆದ ಮೇಲೆ ಮುಕ್ಕಾಲು ಶತಮಾನ!

ಅಂದರೆ ನಾವು ಬಾಯಿಬಿಟ್ಟು ನೋಡೋ ಬೇಲೂರು ಒಬ್ಬ ಸಾಮ್ರಾಟ ಕಟ್ಟಿಸಿದ್ದಲ್ಲ. ಇನ್ನೊಬ್ಬರ ಕೈಕೆಳಗಿದ್ದು, ತಾನೂ ಯಾರಿಗೂ ಕಮ್ಮಿಯಿಲ್ಲ ಅಂತ ತೋರಿಸಬೇಕಿದ್ದ ನಾಡು ಕಟ್ಟಿದ್ದು. ಕತ್ತಿಯಲ್ಲಿ ಸಿಗದಿದ್ದನ್ನು ಉಳಿಯಲ್ಲಿ, ಹೆಜ್ಜೆಯಲ್ಲಿ ಪಡೆಯೋ ಹಟ ಅದು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಿರುದು ಹೊತ್ತ ಬೇರೆ ರೂವಾರಿಗಳು ಮನ್ಮಥರಾದರೆ ತಾನು ಅವರನ್ನು ಸುಡೋ ಶಿವ ಅಂತ ಚಾವಣ ಬರೆಸಿಕೊಂಡಿದ್ದಾನೆ. ಕಾಲೇಜ್ ಫೆಸ್ಟಿನ ಪೋಸ್ಟರಲ್ಲೂ ನಾವು ಇಷ್ಟು ಧೈರ್ಯ ಮಾಡಲ್ಲ, ಅಲ್ವಾ?

ಚೆನ್ನಕೇಶವನ ನವರಂಗದ ನಟ್ಟನಡುವೆ ಒಂದು ದುಂಡನೆಯ ಎತ್ತರದ ಜಗಲಿ ಇದೆ. ಸುತ್ತ ಚರಕಿಯಲ್ಲಿ ತಿರುಗಿಸಿದಂತೆ ನುಣುಪಾದ ಕಂಬಗಳು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗೋ ಬಳಪದ ಕಲ್ಲು ಅದು. ಮೆಕ್ಯಾನಿಕಲ್ ಹುಡುಗರು ಒಮ್ಮೆ ನೋಡಲೇಬೇಕು. ಶಾಂತಲೆ ಅಲ್ಲೇ ಕುಣಿದಳು ಅಂತ ಗೈಡುಗಳು ಹೇಳ್ತಾರೆ. ಹೊರಗಿನ ದರ್ಪಣಸುಂದರಿಯೂ ಆಕೆಯೇ ಅಂತಾರೆ. ಹಾಗಂತ ಬರೆದ ಶಾಸನ ಇಲ್ಲ. ಹಳೇಬೀಡಿನ ಜೋಡಿ ಗುಡಿಗಳಲ್ಲಿ ಒಂದಕ್ಕೆ ರಾಜನ ಹೆಸರು, ಇನ್ನೊಂದಕ್ಕೆ ಶಾಂತಲೇಶ್ವರ ಅಂತ ರಾಣಿಯ ಹೆಸರು. ಅದಂತೂ ಊಹೆಯಲ್ಲ.

ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಕ್ಕಳಿಲ್ಲದ ಕೊರಗಿಗೆ ಬೆಟ್ಟದಿಂದ ಹಾರಿದಳು ಅನ್ನೋ ಕಥೆ ಕೇಳಿಯೇ ಇರ್ತೀರಿ; ಆ ಜಾಗಕ್ಕೆ ಆಕೆಯ ಹೆಸರನ್ನೂ ಇಟ್ಟಿದ್ದಾರೆ. ಶಾಸನ ಹೇಳೋದು ಇಷ್ಟೇ: ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು. ಮಗಳು ಹೋದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಮಾಡಿ ಪ್ರಾಣ ಬಿಟ್ಟಳು. ಮುಂದೆ ಪಟ್ಟಕ್ಕೆ ಬಂದ ನರಸಿಂಹ ಲಕ್ಷ್ಮೀದೇವಿಯ ಮಗ. ಬೇಲೂರಲ್ಲಿ ಗುಡಿ, ಬೆಳಗೊಳದಲ್ಲಿ ಬಸದಿ, ತಲೆಮೇಲೆ ಸಂಗೀತ ನೃತ್ಯಗಳ ಕಿರೀಟ ಇದ್ದ ಹೆಂಗಸನ್ನು ನಾವು ಹೆರದ ಹೆಂಗಸು ಅಂತ ಮಾತ್ರ ನೆನಪಿಟ್ಟುಕೊಂಡರೆ ಅದು ಆಕೆಯ ಸೋಲಲ್ಲ, ನಮ್ಮದು.

ಇನ್ನೊಂದು ನಷ್ಟ ದೊಡ್ಡದು. ಶಾಂತಲೆ ಹಾಡಿದ ಒಂದು ಸಾಲೂ ಉಳಿದಿಲ್ಲ. ಯಾವ ರಾಗ, ಯಾವ ತಾಳ, ಕಂಠ ಹೇಗಿತ್ತು, ಏನೂ ಗೊತ್ತಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಪೆಸಿಫಿಕೇಷನ್ ಇದೆ, ಔಟ್‌ಪುಟ್ ಇಲ್ಲ. ಗೋಡೆ ತುಂಬ ಮದ್ದಳೆ ಬಾರಿಸುವವರು, ಕೊಳಲು ಊದುವವರು, ತಾಳ ಹಿಡಿದವರು ಇದ್ದಾರೆ, ಸದ್ದು ಮಾತ್ರ ಇಲ್ಲ.

ಆದರೂ ಯೋಚಿಸಿ. 1311ರಲ್ಲಿ ಮಲಿಕ್ ಕಾಫರನ ದಂಡು ದ್ವಾರಸಮುದ್ರಕ್ಕೆ ಬಂತು, ಮುಂದೆ ರಾಜ್ಯವೇ ಹೋಯಿತು. ಚಾಲುಕ್ಯರೂ ಹೋದರು. ಬೇಲೂರು, ಹಳೇಬೀಡು, ಸೋಮನಾಥಪುರ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿ, ಒಂಬತ್ತು ವರ್ಷ ಕಾದು, 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಬಂದವು. ವಿಷ್ಣುವರ್ಧನ ಯಾವ ಕದನ ಗೆದ್ದ, ಯಾವುದು ಸೋತ ಅಂತ ಅಲ್ಲಿ ಯಾರೂ ಲೆಕ್ಕ ಹಾಕಲಿಲ್ಲ.

ರೈಲಲ್ಲಿ ಹೋಗೋರು ಅರಸೀಕೆರೆಯಲ್ಲಿ ಇಳಿದು ಬಸ್ ಹಿಡಿಯಿರಿ. ಆ ಊರಿನ ಹೆಸರೂ ಅರಸಿಯ ಕೆರೆಯಿಂದಲೇ ಬಂದಿದ್ದು. 1220ರ ಈಶ್ವರ ಗುಡಿ ಅಲ್ಲೇ ಇದೆ, ಬಿಡಬೇಡಿ. ಬೇಲೂರಿಗೆ ಹೋದಾಗ ನವರಂಗದ ಜಗಲಿ ಹತ್ತಿರ ಸೆಲ್ಫಿ ತೆಗೆದ ಮೇಲೆ ಎರಡು ನಿಮಿಷ ಸುಮ್ಮನೆ ನಿಲ್ಲಿ. ಪದೇ ಪದೇ ಸೋಲುತ್ತಿದ್ದ ನಾಡು ಹಾಡನ್ನು ಯಾಕೆ ಬಿಡಲಿಲ್ಲ ಅನ್ನೋದು ಅಲ್ಲಿ ಅರ್ಥವಾಗುತ್ತೆ.