ಬಾವಿಯ ಲೆಕ್ಕ ಹೇಳಿಕೊಟ್ಟ ಭಾಸ್ಕರಾಚಾರ್ಯರು

ಸಿಲಿಂಡರಿನ ಘನಫಲದ ಪಾಠ ಕೊಡುವ ಪ್ರಶಿಕ್ಷಣಾರ್ಥಿಗಳಿಗೆ ಪೀಠಿಕೆಯಾಗಿ ನಾನು ಸೂಚಿಸುವುದು ಭಾಸ್ಕರಾಚಾರ್ಯರ ಜೀವನವನ್ನು. ಸೂತ್ರವನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯವರೆಗೆ ಉಳಿಯುತ್ತದೆ. ಅದು ಯಾವ ಕೆಲಸದಿಂದ ಹುಟ್ಟಿತೆಂದು ತಿಳಿದರೆ ಮುಂದೆಯೂ ಉಳಿಯುತ್ತದೆ.

ಭಾಸ್ಕರರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಗುರು. ಸಹ್ಯಾದ್ರಿಯನ್ನು ಆಶ್ರಯಿಸಿದ ವಿಜ್ಜಡವಿಡ ತಮ್ಮ ಊರೆಂದು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೆಂದು ಕೆಲವರು, ಮಹಾರಾಷ್ಟ್ರದ ಪಾಟಣದ ಕಡೆಯದೆಂದು ಕೆಲವರು ವಾದಿಸುತ್ತಾರೆ. 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ ರಚಿಸಿದರು. ಅಂಕಗಣಿತದ ‘ಲೀಲಾವತಿ’ ಅದರ ಮೊದಲ ಭಾಗ. ಮಗಳ ಮದುವೆಯ ಮುಹೂರ್ತ ತಪ್ಪಿದ ಕಥೆ 1587ರ ಫೈಜಿಯ ಪಾರ್ಸಿ ಅನುವಾದದಲ್ಲಿದೆ. ಮಕ್ಕಳಿಗೆ ಹೇಳುವಾಗ ದಂತಕಥೆಯೆಂದೇ ಹೇಳಬೇಕು.

ನಮ್ಮ ಪಾಠಕ್ಕೆ ಬೇಕಾದದ್ದು ‘ಲೀಲಾವತಿ’ಯ ಖಾತವ್ಯವಹಾರ, ಅಂದರೆ ಅಗೆತದ ಲೆಕ್ಕ. ಬಾಯಿಯ ವಿಸ್ತೀರ್ಣವನ್ನು ಆಳದಿಂದ ಗುಣಿಸಿದರೆ ಘನಫಲ. ಬಾಯಿ ಚೌಕವಿರಲಿ, ದುಂಡಗಿರಲಿ, ನಿಯಮ ಒಂದೇ. ತಳ ಮೊನೆಯಾಗಿದ್ದರೆ ಅದರ ಮೂರನೆಯ ಒಂದು ಪಾಲು. ಇದೇ ನಮ್ಮ ಶಂಕುವಿನ ಸೂತ್ರ. ವೃತ್ತದ ವಿಸ್ತೀರ್ಣಕ್ಕೆ ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸುತ್ತಾರೆ. ಪರಿಧಿಗೆ ವ್ಯವಹಾರದಲ್ಲಿ 22/7, ಸೂಕ್ಷ್ಮಕ್ಕೆ 3927/1250.

ಹಿಲ್ಲೂರಿನ ಮಕ್ಕಳಿಗೆ ದುಂಡು ಬಾವಿ ಹೊಸದಲ್ಲ. ವ್ಯಾಸ 7 ಮೊಳ, ಆಳ 10 ಮೊಳ ಎನ್ನೋಣ. ಪರಿಧಿ 22 ಮೊಳ. 22ನ್ನು 7ರಿಂದ ಗುಣಿಸಿ 4ರಿಂದ ಭಾಗಿಸಿದರೆ 38.5 ಚದರ ಮೊಳ. ಆಳದಿಂದ ಗುಣಿಸಿದರೆ 385 ಘನ ಮೊಳ. ಅಷ್ಟು ಮಣ್ಣು ತೆಗೆಯಬೇಕು. ಇದನ್ನೇ ತ್ರಿಜ್ಯ 3.5 ಇಟ್ಟು ಪಠ್ಯಪುಸ್ತಕದ ಸೂತ್ರದಿಂದ ಮಾಡಿಸಿ; ಉತ್ತರ ಬದಲಾಗದು. ಏಕೆ ಬದಲಾಗದೆಂದು ಮಕ್ಕಳೇ ಹೇಳುವವರೆಗೆ ಕಾಯಿರಿ.

ನಿಜವಾದ ಬಾವಿ ಎಲ್ಲೆಡೆ ಒಂದೇ ಅಗಲವಿರುವುದಿಲ್ಲ. ಭಾಸ್ಕರರಿಗೆ ಇದು ಗೊತ್ತಿತ್ತು. ಹಲವು ಕಡೆ ಅಳೆದು, ಕೂಡಿಸಿ, ಅಳೆದ ಸ್ಥಳಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯಬೇಕೆಂದು ಅವರು ವಿಧಿಸಿದ್ದಾರೆ. ಪಾಠಯೋಜನೆಯಲ್ಲಿ ನಾವು ಹೆಚ್ಚಾಗಿ ಬಿಡುವ ಹೆಜ್ಜೆ ಇದೇ. ಬಾವಿಕಟ್ಟೆಗೆ ಮಕ್ಕಳನ್ನು ಬಗ್ಗಿಸಬೇಡಿ. ಕೊಡ, ಡಬ್ಬ, ಪೈಪಿನ ತುಂಡುಗಳನ್ನು ಮೂರು ಕಡೆ ಅಳೆಸಿದರೆ ಸಾಕು. ನೀರು ತುಂಬಿಸಿ ಲೀಟರಿನಲ್ಲಿ ತಾಳೆ ನೋಡಲಿ.

1183ರಲ್ಲಿ, 69ನೆಯ ವಯಸ್ಸಿನಲ್ಲಿಯೂ ಭಾಸ್ಕರರು ‘ಕರಣಕುತೂಹಲ’ ಬರೆದರು. ಅವರ ಗ್ರಂಥಗಳ ಅಧ್ಯಯನಕ್ಕಾಗಿ ಮೊಮ್ಮಗ ಚಾಂಗದೇವ ಪಾಟಣದಲ್ಲಿ ಮಠ ಸ್ಥಾಪಿಸಿದ. 1207ರ ಶಾಸನ ಇದಕ್ಕೆ ಸಾಕ್ಷಿ. ಗ್ರಂಥ ಬರೆದರೆ ಸಾಲದು, ಕಲಿಸುವವರೂ ಬೇಕೆಂದು ಆ ಮನೆತನಕ್ಕೆ ತಿಳಿದಿತ್ತು.